ಕಾಗದದ ಸುರುಳಿಯಿಂದ ನೆನಪಿನ ಕಡತಕ್ಕೆ

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಯುನಿಕ್ಸ್ ಬರೆಯತೊಡಗಿದಾಗ, ಅದನ್ನು ಓಡಿಸಬೇಕಿದ್ದ ಪಿಡಿಪಿ-7 ಯಂತ್ರದಲ್ಲೇ ಅದನ್ನು ಸಿದ್ಧಪಡಿಸುವ ಸೌಕರ್ಯವಿರಲಿಲ್ಲ. ದೊಡ್ಡದೊಂದು ಜಿಇ-635 ಕಂಪ್ಯೂಟರಿನಲ್ಲಿ ಯಂತ್ರಭಾಷೆಗಿಳಿಸಿ, ಕಾಗದದ ಪಟ್ಟಿಯಲ್ಲಿ ರಂಧ್ರ ಕೊರೆಸಿ, ಆ ಸುರುಳಿಯನ್ನು ಕೈಯಲ್ಲಿ ಹಿಡಿದು ತಂದು ಪಿಡಿಪಿ-7ಕ್ಕೆ ಉಣಿಸಬೇಕಿತ್ತು. ತಪ್ಪಿದ್ದರೆ ಮತ್ತೊಂದು ಸುರುಳಿ.

ಯಂತ್ರಾಂಶಕ್ಕೂ ಉಳಿದೆಲ್ಲ ಪ್ರೋಗ್ರಾಮುಗಳಿಗೂ ನಡುವೆ ನಿಂತು ಆಡಳಿತ ನಡೆಸುವ ತಿರುಳೇ ಕರ್ನಲ್. 1973ರಲ್ಲಿ ಯುನಿಕ್ಸ್‌ನ ಕರ್ನಲ್ ಅನ್ನು 'ಸಿ' ಭಾಷೆಯಲ್ಲಿ ಮತ್ತೆ ಬರೆಯಲಾಯಿತು. ಅಲ್ಲಿಂದ ಕಂಪೈಲರಿನ ಕಾಲ. ಕಂಪೈಲರು ಒಂದೇ ಗುಟುಕಿಗೆ ಕೆಲಸ ಮುಗಿಸುವುದಿಲ್ಲ. ಒಂದು ಹಂತ ಬರೆದಿಟ್ಟ ತಾತ್ಕಾಲಿಕ ಫೈಲನ್ನು ಮುಂದಿನ ಹಂತ ಓದುತ್ತದೆ, ಆಮೇಲೆ ಅದು ಅಳಿಯುತ್ತದೆ. ಕೆಲವೇ ಕ್ಷಣ ಬದುಕುವ ಈ ಫೈಲುಗಳಿಗೂ ಡಿಸ್ಕ್ ಹುಟ್ಟು-ಸಾವುಗಳ ದಾಖಲೆ ಬರೆಯಬೇಕು. ಯಂತ್ರ ಹಠಾತ್ತನೆ ನಿಂತರೂ ಲೆಕ್ಕ ತಪ್ಪಬಾರದೆಂದು ಬರ್ಕ್ಲಿಯ ಯುನಿಕ್ಸ್ ಪ್ರತಿ ದಾಖಲೆಯೂ ಡಿಸ್ಕ್ ತಲುಪುವವರೆಗೆ ಕಾಯುತ್ತಿತ್ತು. ಕಸದ ಬುಟ್ಟಿಗೆ ಹೋಗುವ ಚೀಟಿಯನ್ನೂ ನೋಂದಣಿ ಮಾಡಿಸಿದ ಹಾಗೆ!

1980ರ ದಶಕದ ಕೊನೆಗೆ ಮೆಮೊರಿ ಅಗ್ಗವಾಗುತ್ತಿತ್ತು. ಸನ್ ಮೈಕ್ರೋಸಿಸ್ಟಮ್ಸ್ 'ಟಿಎಂಪಿಎಫ್‌ಎಸ್' ತಂದಿತು. 1990ರಲ್ಲಿ ಬರ್ಕ್ಲಿಯ ಮೆಕ್‌ಕುಸಿಕ್, ಕೆರೆಲ್ಸ್ ಮತ್ತು ಬಾಸ್ಟಿಕ್ ಮೆಮೊರಿಯಲ್ಲೇ ನೆಲೆಸುವ ಫೈಲ್ ವ್ಯವಸ್ಥೆಯೊಂದನ್ನು ವಿವರಿಸಿ ಪ್ರಬಂಧ ಮಂಡಿಸಿದರು. ಮೆಮೊರಿ ಸಾಲದಾದಾಗ ಅದರ ಪುಟಗಳು ಡಿಸ್ಕಿನ ಸ್ವಾಪ್ ಜಾಗಕ್ಕೆ ಸರಿಯುತ್ತಿದ್ದವು.

ಕನ್ನಡದಲ್ಲಿ ಫೈಲಿಗೆ 'ಕಡತ' ಎನ್ನುತ್ತೇವಷ್ಟೆ. ಹಳೆಯ ಕಡತವೆಂದರೆ ಹುಣಸೆ ಬೀಜದ ಗಂಜಿ, ಇದ್ದಿಲ ಪುಡಿ ಬಳಿದ ಕಪ್ಪು ಬಟ್ಟೆ. ಬಳಪದಲ್ಲಿ ಬರೆದು, ಬೇಡವಾದಾಗ ಅಳಿಸಬಹುದಿತ್ತು. ಮೆಮೊರಿಯ ಫೈಲಿಗೆ ಈ ಹೆಸರು ಇನ್ನೂ ಚೆನ್ನಾಗಿ ಒಪ್ಪುತ್ತದೆ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಹೊರಬಿಟ್ಟ ಲಿನಕ್ಸ್‌ನ ಮೊದಲ ಆವೃತ್ತಿ ಸುಮಾರು 10 ಸಾವಿರ ಸಾಲಿನದು. ಈಗ ಅದು ಎರಡು ಕೋಟಿ ಸಾಲುಗಳನ್ನು ಎಂದೋ ದಾಟಿದೆ. 2001ರ ಜನವರಿಯಲ್ಲಿ ಬಂದ 2.4 ಆವೃತ್ತಿಯೊಡನೆ ಲಿನಕ್ಸ್‌ಗೂ ಟಿಎಂಪಿಎಫ್‌ಎಸ್ ಸಿಕ್ಕಿತು. ಇಡೀ ಕರ್ನಲ್ ಅನ್ನು ಮೆಮೊರಿಯಲ್ಲೇ ಕಂಪೈಲ್ ಮಾಡಿದರೆ ಕೆಲಸ ಮಿಂಚಿನಂತೆ ಮುಗಿದೀತೆಂದು ಹಲವರು ಆಸೆಪಟ್ಟರು.

ಫಲ ಮಾತ್ರ ಅಷ್ಟಕ್ಕಷ್ಟೆ. ಒಮ್ಮೆ ಓದಿದ ಫೈಲನ್ನು ಲಿನಕ್ಸ್ ತಾನಾಗಿಯೇ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಬರೆಯುವುದನ್ನೂ ಕೂಡಿಟ್ಟು, ಬಿಡುವು ನೋಡಿ ಡಿಸ್ಕಿಗೆ ಇಳಿಸುತ್ತದೆ. ಕಾಯಿಸುವುದು ಡಿಸ್ಕ್ ಅಲ್ಲ, ಪ್ರೊಸೆಸರ್. ಕೆಲಸವನ್ನು ಅದರ ಹಲವು ಕೋರ್‌ಗಳಿಗೆ ಹಂಚಿದರೆ ಆಗುವ ಲಾಭವೇ ಹೆಚ್ಚು. ಮೆಮೊರಿ ಕಿರಿದಾಗಿದ್ದರಂತೂ ಫೈಲುಗಳು ಸ್ವಾಪ್‌ಗೆ ಸರಿದು, ಯಾವ ಡಿಸ್ಕಿನಿಂದ ತಪ್ಪಿಸಿಕೊಳ್ಳಬೇಕೆಂದಿದ್ದೆವೋ ಅದರ ಬಾಗಿಲಿಗೇ ಮರಳುತ್ತವೆ.

ಆದರೂ ಈ ಪದ್ಧತಿ ಬಿಟ್ಟುಹೋಗಿಲ್ಲ. ಎಸ್‌ಎಸ್‌ಡಿಗಳು ಬರೆದಷ್ಟೂ ಸವೆಯುತ್ತವೆ. ಆ ಸವಕಳಿ ತಪ್ಪುತ್ತದೆ. ಬಲ್ಲವರು ಮೂಲ ಬರಹವನ್ನು ಡಿಸ್ಕಿನಲ್ಲೇ ಉಳಿಸಿ, ನಡುವಿನ ಫೈಲುಗಳನ್ನಷ್ಟೇ ಮೆಮೊರಿಗೆ ಬಿಡುತ್ತಾರೆ. ಕರೆಂಟು ಹೋದರೆ ಕಳೆಯುವುದು ಮತ್ತೆ ಮಾಡಿಕೊಳ್ಳಬಹುದಾದ ಕೆಲಸ ಮಾತ್ರ. ಸಿದ್ಧವಾದ ಕರ್ನಲ್ ಅನ್ನು ಯಂತ್ರ ಆರಿಸುವ ಮುನ್ನ ಡಿಸ್ಕಿಗೆ ನಕಲು ಮಾಡಿಕೊಳ್ಳಲು ಮರೆಯಬಾರದು, ಅಷ್ಟೆ.