ಮೂರನೆಯ ಹಂತಕ್ಕೆ ನಿಂತ ಆಟ

28 ವರ್ಷಗಳಿಂದ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಂಡು ಬಂದವಳು ನಾನು. ಕಾರಣಗಳು, ಘಟನೆಗಳು, ಪರಿಣಾಮಗಳು ಎಂದು ಕರಿಹಲಗೆಯ ಮೇಲೆ ಮೂರು ಕಾಲಂ ಎಳೆದುಬಿಟ್ಟರೆ ಯಾವ ಯುದ್ಧವಾದರೂ ನಲವತ್ತು ನಿಮಿಷದಲ್ಲಿ ಮುಗಿಯುತ್ತದೆ. ಅಂಥವಳು ಈಗ ಜಪಾನಿನ ಒಂದು ಟೀವಿ ಆಟದ ಇತಿಹಾಸ ಬರೆಯಲು ಕೂತಿದ್ದೇನೆ ಎಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನಗಲಿ. ಇದು ನಾನು ತೀರಿಸಬೇಕಾದ ಒಂದು ಹಳೆಯ ಬಾಕಿ.

ನಮ್ಮ ಮಕ್ಕಳು ಚಿಕ್ಕವರಿದ್ದಾಗ ಜಾತ್ರೆಯ ಅಂಗಡಿಯಿಂದ ಒಂದು ವಿಡಿಯೋ ಗೇಮ್ ಮನೆಗೆ ಬಂತು. ಜಪಾನಿನ ನಿಂಟೆಂಡೊ ಯಂತ್ರವನ್ನು ನೋಡಿ ಮಾಡಿದ ನಕಲು. ಅದಕ್ಕೆ ಹೆಸರೂ ಇಲ್ಲ, ಊರೂ ಇಲ್ಲ. ಟೀವಿಗೆ ಸಿಕ್ಕಿಸಿ, ಮೇಲೆ ಹಳದಿ ಕ್ಯಾಸೆಟ್ ಒತ್ತಿ, ಅಣ್ಣ ತಂಗಿ ಇಬ್ಬರೂ ಒಂದೊಂದು ರಿಮೋಟ್ ಹಿಡಿದು ಚಾಪೆಯ ಮೇಲೆ ಕೂತರೆ ಊಟದ ನೆನಪಿಲ್ಲ. ಅವರಿಗೆ ಅಚ್ಚುಮೆಚ್ಚಿನದು ‘ಡಬಲ್ ಡ್ರ್ಯಾಗನ್ 2’. ಬಿಲ್ಲಿ ಮತ್ತು ಜಿಮ್ಮಿ ಎಂಬ ಅಣ್ಣತಮ್ಮಂದಿರು ಬೀದಿಯಲ್ಲಿ ಪುಂಡರನ್ನು ಹೊಡೆಯುತ್ತಾ ಸಾಗುವ ಆಟ. ಶುರುವಿನಲ್ಲೇ ಮರಿಯನ್ ಎಂಬ ಹುಡುಗಿಯನ್ನು ಕೊಂದರೆಂದು ಪರದೆಯ ಮೇಲೆ ಬರುತ್ತದೆ. ಉಳಿದದ್ದೆಲ್ಲ ಅದರ ಸೇಡು.

ಒಂದು ಸಂಜೆ ಮಗಳು ಅಡುಗೆಮನೆಗೆ ಬಂದು, “ಅಮ್ಮಾ, ಅವಳನ್ನ ಮೊದಲೇ ಯಾಕೆ ಸಾಯಿಸಿಬಿಟ್ರು? ನಾವು ಗೆದ್ರೂ ಅವಳು ಬರೋದೇ ಇಲ್ವಲ್ಲ” ಎಂದಳು. ಒಗ್ಗರಣೆ ಸೀಯುತ್ತಿತ್ತು. “ಅದು ಆಟ ಕಣೇ. ಹೋಗಿ ಮಗ್ಗಿ ಬರಿ” ಎಂದೆ. ಮಗನ ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಯಂತ್ರವನ್ನು ಅಟ್ಟಕ್ಕೆ ಹಾಕಿದೆ. ಆಮೇಲೊಂದು ದಿನ ಹಳೇ ಪೇಪರಿನವನಿಗೆ ಕೊಟ್ಟುಬಿಟ್ಟೆ. ಮಗಳು ಜಗಳವಾಡಲಿಲ್ಲ. ಎರಡು ದಿನ ಮಾತಾಡಲಿಲ್ಲ, ಅಷ್ಟೆ.

ಹೋದ ದೀಪಾವಳಿಗೆ ಬೆಂಗಳೂರಿನಿಂದ ಬಂದವಳು, ಯಾರೋ ಕೊನೆಯವರೆಗೂ ಆಡಿದ ಅದೇ ಆಟವನ್ನು ಫೋನಿನಲ್ಲಿ ತೋರಿಸಿದಳು. ಕೊನೆಯಲ್ಲಿ ಮರಿಯನ್ ಎದ್ದು ನಿಂತಳು! “ನೋಡಮ್ಮಾ, ಅವಳು ಬರ್ತಾಳೆ” ಎಂದಳು ಮಗಳು. ಎಣ್ಣೆನೀರಿನ ಗಡಿಬಿಡಿಯಲ್ಲೂ ಆ ಮಾತು ನನ್ನನ್ನು ಬಿಡಲಿಲ್ಲ. ಹಬ್ಬ ಮುಗಿದ ಮೇಲೆ ಈ ಆಟದ ಹಿನ್ನೆಲೆ ಹುಡುಕುತ್ತಾ ಕೂತೆ.

ಇದನ್ನು ಮಾಡಿದ್ದು ಟೆಕ್ನೋಸ್ ಜಪಾನ್ ಎಂಬ ಕಂಪನಿ. ರೂಪಿಸಿದವರು ಯೋಶಿಹಿಸಾ ಕಿಶಿಮೊಟೊ. ಹೈಸ್ಕೂಲಿನಲ್ಲಿ ಹುಡುಗಿಯೊಬ್ಬಳು ಕೈಬಿಟ್ಟ ಮೇಲೆ ದಿನವೂ ಹೊಡೆದಾಟಕ್ಕೆ ಬಿದ್ದಿದ್ದೆ ಎಂದು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಆ ಅನುಭವದಿಂದ 1986ರಲ್ಲಿ ‘ಕುನಿಯೊ’ ಎಂಬ ಶಾಲಾ ಹುಡುಗನ ಆಟ ಹುಟ್ಟಿತು. ಅದರಲ್ಲಿ ನಾಯಕ ಹೊಡೆದಾಡುವುದು ಹಿರೋಶಿ ಎಂಬ ಸಹಪಾಠಿಗಾಗಿ. ಮರುವರ್ಷ ‘ಡಬಲ್ ಡ್ರ್ಯಾಗನ್’ ಬಂದಾಗ ಗೆಳೆಯನ ಜಾಗಕ್ಕೆ ಗೆಳತಿ ಬಂದಳು. ಅದರ ಮೊದಲ ದೃಶ್ಯದಲ್ಲಿ ಪುಂಡನೊಬ್ಬ ಮರಿಯನ್ನಳ ಹೊಟ್ಟೆಗೆ ಗುದ್ದಿ ಹೆಗಲ ಮೇಲೆ ಹಾಕಿಕೊಂಡು ಹೋಗುತ್ತಾನೆ. ಇಬ್ಬರು ಆಟಗಾರರೂ ಕೊನೆಯವರೆಗೆ ಉಳಿದರೆ ಅಣ್ಣತಮ್ಮಂದಿರು ಅವಳಿಗಾಗಿ ತಮ್ಮತಮ್ಮಲ್ಲೇ ಬಡಿದಾಡಬೇಕು. ನಿನಗೆ ಯಾರು ಬೇಕಮ್ಮ ಎಂದು ಅವಳನ್ನು ಯಾರೂ ಕೇಳುವುದಿಲ್ಲ.

1988ರಲ್ಲಿ ಎರಡನೆಯ ಭಾಗ ಬಂತು. ಒಮ್ಮೆ ಹೊತ್ತುಕೊಂಡು ಹೋದವಳನ್ನು ಮತ್ತೆ ಹೊತ್ತರೆ ಹೊಸತೇನು? ಈ ಸಲ ವಿಲ್ಲಿ ಎಂಬ ಖಳ ಮೆಷಿನ್ ಗನ್ನಿನಿಂದ ಅವಳನ್ನು ಕೊಂದೇಬಿಡುತ್ತಾನೆ. ಇದು ಆರ್ಕೇಡಿನಲ್ಲಿ ನಿಂತು, ಜಪಾನಿನಲ್ಲಾದರೆ 100 ಯೆನ್, ಅಮೆರಿಕದಲ್ಲಾದರೆ 25 ಸೆಂಟಿನ ನಾಣ್ಯ ಹಾಕಿ ಆಡುವ ಯಂತ್ರ. ಹಿಂದೆ ಕ್ಯೂ ಇರುತ್ತದೆ. ಆಟಗಾರ ಬೇಗ ಸೋತಷ್ಟೂ ಅಂಗಡಿಯವನಿಗೆ ಲಾಭ. ಅಲ್ಲಿ ಕಥೆ ಹೇಳುತ್ತಾ ಕೂರಲು ಪುರುಸೊತ್ತಿಲ್ಲ. ನೋಡಿದ ತಕ್ಷಣ ಸಿಟ್ಟು ಬರಬೇಕು, ಕೈ ನಾಣ್ಯಕ್ಕೆ ಹೋಗಬೇಕು. ಆ ಸಿಟ್ಟಿಗೆ ಸಿಕ್ಕ ಅಗ್ಗದ ಸೌದೆ ಮರಿಯನ್. ಇರುವುದು ನಾಲ್ಕೇ ಹಂತ. ವಿಲ್ಲಿ ಸತ್ತ ಮೇಲೆ ನಾಯಕ ತನ್ನದೇ ನೆರಳಿನೊಡನೆ ಹೋರಾಡಿ ಗೆಲ್ಲುತ್ತಾನೆ. ಸತ್ತವಳು ಸತ್ತೇ ಇರುತ್ತಾಳೆ.

1989ರ ಡಿಸೆಂಬರಿನಲ್ಲಿ ಈ ಆಟ ಜಪಾನಿನ ಫ್ಯಾಮಿಕಾಮ್ ಯಂತ್ರಕ್ಕೆ, ಅಂದರೆ ಮನೆಯ ಟೀವಿಗೆ ಬಂತು. ಮರುವರ್ಷ ಅಮೆರಿಕಕ್ಕೂ ಹೋಯಿತು. ಮನೆಯ ಲೆಕ್ಕ ಬೇರೆ. ಒಂದು ಸಲ ದುಡ್ಡು ಕೊಟ್ಟು ಕ್ಯಾಸೆಟ್ ತಂದ ಮೇಲೆ ಅದು ಬಹಳ ದಿನ ಬಾಳಬೇಕು. ಹಾಗಾಗಿ ನಾಲ್ಕು ಹಂತ ಒಂಬತ್ತಾಯಿತು. ಮೊದಲ ಭಾಗದ ಮನೆ ಆವೃತ್ತಿಯಲ್ಲಿ ಇಬ್ಬರು ಒಟ್ಟಿಗೆ ಸೇರಿ ಪುಂಡರನ್ನು ಎದುರಿಸಲು ಆಗುತ್ತಿರಲಿಲ್ಲ, ಇದರಲ್ಲಿ ಆಯಿತು. ಜೊತೆಗೆ ಒಂದು ಆಯ್ಕೆಯೂ ಇತ್ತು. ‘ಎ’ ಒತ್ತಿದರೆ ಒಬ್ಬರ ಏಟು ಇನ್ನೊಬ್ಬರಿಗೆ ತಾಗದು, ‘ಬಿ’ ಒತ್ತಿದರೆ ತಾಗುತ್ತದೆ. ನನ್ನ ಮಗ ಗುಟ್ಟಾಗಿ ‘ಬಿ’ ಒತ್ತಿ ತಂಗಿಯನ್ನು ಬೀಳಿಸುತ್ತಿದ್ದನೆಂದು ಅವಳು ಈಗಲೂ ದೂರುತ್ತಾಳೆ. ಜಿಗಿಯಲು ಎರಡು ಗುಂಡಿ ಒಟ್ಟಿಗೆ ಒತ್ತಬೇಕು. ಅದು ಅವಳ ಪುಟ್ಟ ಬೆರಳಿಗೆ ಒಗ್ಗಿರಲಿಲ್ಲ.

ಅಮೆರಿಕದ ಆ ಆವೃತ್ತಿಯಲ್ಲಿ ಕಷ್ಟದ ಮಟ್ಟ ಮೂರು. ‘ಪ್ರಾಕ್ಟೀಸ್’ ಆರಿಸಿದರೆ ಆಟ ಮೂರನೆಯ ಹಂತಕ್ಕೇ ನಿಲ್ಲುತ್ತದೆ. ನಡುವಿನದು ಎಂಟಕ್ಕೆ. ಒಂಬತ್ತನೆಯದು ಕಾಣುವುದು ಅತಿ ಕಷ್ಟದ ಮಟ್ಟ ಆರಿಸಿದವರಿಗೆ ಮಾತ್ರ. ಅದನ್ನೂ ಗೆದ್ದವರಿಗೆ ಮರಿಯನ್ ಬದುಕಿ ಬರುತ್ತಾಳೆ. ನಮ್ಮ ಮಕ್ಕಳು ಯಾವಾಗಲೂ ಒತ್ತುತ್ತಿದ್ದದ್ದು ಮೊದಲನೆಯದನ್ನೇ. ಆಟ ಅಷ್ಟೇ ಅಂದುಕೊಂಡಿದ್ದರು.

ಮುಂದೆ 1991ರಲ್ಲಿ ಮೆಗಾ ಡ್ರೈವ್ ಯಂತ್ರಕ್ಕೆ ಬಂದ ಆವೃತ್ತಿ ಮತ್ತೆ ಆರ್ಕೇಡಿನ ಜಾಡನ್ನೇ ಹಿಡಿಯಿತು. ಅದೇ ವರ್ಷ ಗೇಮ್ ಬಾಯ್‌ಗೆ ಈ ಹೆಸರಿನಲ್ಲಿ ಬಂದದ್ದು ಕುನಿಯೊ ಆಟವೊಂದಕ್ಕೆ ವೇಷ ಬದಲಿಸಿದ್ದು. 1993ರಲ್ಲಿ ಪಿಸಿ ಎಂಜಿನ್ ಯಂತ್ರದ ಸಿಡಿಯಲ್ಲಿ ಮಾತು, ಚಿತ್ರಕಥೆ ಎಲ್ಲ ಸೇರಿದವು. 1996ರಲ್ಲಿ ಟೆಕ್ನೋಸ್ ದಿವಾಳಿಯಾಯಿತು. ಕಂಪನಿ ಮುಚ್ಚಿ ಹತ್ತು ವರ್ಷವಾದ ಮೇಲೂ ನಮ್ಮ ನಡುಮನೆಯಲ್ಲಿ ಬಿಲ್ಲಿ, ಜಿಮ್ಮಿ ಒದ್ದಾಡುತ್ತಲೇ ಇದ್ದರು.

ಮರಿಯನ್ ಎದ್ದು ಬಂದದ್ದು ಸಂತೋಷವೇ. ಆದರೂ ನನಗೆ ನೆನಪಾದದ್ದು ನಮ್ಮ ರೇಣುಕೆ. ಗಂಡನ ಮಾತಿಗೆ ಮಗನ ಕೊಡಲಿಯಿಂದ ಸತ್ತು, ಮಗ ಬೇಡಿದ ವರದಿಂದ ಬದುಕಿದವಳು. ಸಾಯುವಾಗಲೂ ಅವಳನ್ನು ಕೇಳಲಿಲ್ಲ, ಬದುಕುವಾಗಲೂ ಕೇಳಲಿಲ್ಲ. ನಾನೇನು ಕಡಿಮೆ? ಟ್ರೋಜನ್ ಯುದ್ಧದ ಕಥೆ ಹೇಳುವಾಗ ‘ಕಾರಣಗಳು’ ಎಂಬ ಕಾಲಂನಲ್ಲಿ ಹೆಲೆನ್ ಎಂದು ಬರೆದು, ಅವಳಿಗೇನಾಯಿತೆಂದು ಹೇಳದೆ ಎಷ್ಟು ವರ್ಷ ಬೋರ್ಡು ಒರೆಸಿದ್ದೇನೆ! ಅಂಥ ಹುಡುಗಿಯನ್ನು ಯಾಕೆ ಮೊದಲೇ ಸಾಯಿಸಿದರು ಎಂದು ನನ್ನ ಮನೆಯಲ್ಲೇ ಒಂದು ಮಗು ಕೇಳಿತು. ಇತಿಹಾಸದ ಮೇಷ್ಟರಿಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಯಾರು ಕೇಳಿಯಾರು? ನಾನು ಮಗ್ಗಿ ಬರೆಸಿದೆ.

ಈ ಬರಹವನ್ನು ಮಗಳಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಮಿಷಿನ್ನು ಈಗಲೂ ಸಿಗತ್ತಮ್ಮಾ. ತರ್ಲಾ?” ಎಂದಳು. ತಾ ಎಂದಿದ್ದೇನೆ. ಎರಡನೆಯ ರಿಮೋಟ್ ಹಿಡಿಯುವವಳು ಈ ಸಲ ನಾನು. ‘ಎ’ ಒತ್ತಲು ಮರೆಯಬಾರದು.