ಎರವಿನ ವಾಸನೆ

ಅಮೆರಿಕದ ಉತ್ತರದ ಊರುಗಳಲ್ಲಿ ಹಿಮ ಕರಗಿ ವಸಂತವು ಕಾಲಿಟ್ಟಿತೆಂದರೆ, ಚಳಿಗಾಲವಿಡೀ ಹಿತ್ತಿಲಲ್ಲಿ ಮುಸುಕು ಹೊದ್ದು ನಿಂತಿದ್ದ ಪ್ರವಾಸದ ಟ್ರೇಲರುಗಳ ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಕಾರಿನ ಬೆನ್ನಿಗೆ ತಗುಲಿಸಿ ಕಾಡುಮೇಡುಗಳಿಗೆ ಎಳೆದೊಯ್ಯತಕ್ಕ ಆ ಪುಟ್ಟ ಮನೆಯೊಳಕ್ಕೆ ಋತುವಿನ ಮೊದಲ ಹೆಜ್ಜೆಯಿಟ್ಟ ಯಜಮಾನನು ಕೆಲವೊಮ್ಮೆ ಹೊಸ್ತಿಲಿನಲ್ಲಿಯೇ ತಡೆದು ನಿಂತು, ಮೂಗನ್ನರಳಿಸಿ, ಹೆಂಡತಿಯ ಕಡೆಗೆ ತಿರುಗಿ, ‘ನಿನಗೂ ವಾಸನೆ ಬರುತ್ತಿದೆಯೆ?’ ಎಂದು ಕೇಳುತ್ತಾನೆ. ಆ ಪ್ರಶ್ನೆಯ ಹಿಂದೆಯೇ ನಡೆಯತಕ್ಕ ವಿಧಿಗಳು ಈಗ ಸಂಪ್ರದಾಯವಾಗಿ ನಿಂತಿವೆ. ಕಡ್ಡಿ ಗೀರದೆ, ದೀಪದ ಗುಂಡಿಯನ್ನೂ ಮುಟ್ಟದೆ ಹೊರಬಂದು, ಗಾಡಿಯ ಮೂಕಿಯಂತೆ ಮುಂದಕ್ಕೆ ಚಾಚಿದ ಚೌಕಟ್ಟಿನ ಮೇಲೆ ಕುಳಿತಿರುವ ಜೋಡಿ ಸಿಲಿಂಡರುಗಳ ಕಿವಿ ತಿರುಚುವುದು. ಗಾಳಿಯಾಡಿ ಒಳಗೆಲ್ಲ ತಿಳಿಯಾದ ಬಳಿಕ ಅನಿಲವನ್ನು ಮತ್ತೆ ಬಿಟ್ಟು, ಬಟ್ಟಲಿನಲ್ಲಿ ಸಾಬೂನಿನ ನೀರನ್ನು ಕದಡಿ, ಕುಂಚವನ್ನದ್ದಿ, ರೆಗ್ಯುಲೇಟರಿನಿಂದ ರಬ್ಬರಿನ ಕೊಳವೆಗೂ, ಕೊಳವೆಯಿಂದ ನೆಲದಡಿಯ ತಾಮ್ರದ ನಳಿಕೆಗೂ, ಅಲ್ಲಿಂದ ಒಲೆ, ಬಿಸಿನೀರಿನ ಹಂಡೆ, ಶೈತ್ಯಪೆಟ್ಟಿಗೆಗಳಿಗೆ ಒಡೆದುಹೋಗುವ ಕವಲುಗಳ ಒಂದೊಂದು ಸಂಧಿಗೂ ಬಳಿಯುತ್ತ ಸಾಗುವುದು. ಎಲ್ಲಿ ಗುಳ್ಳೆ ಏಳುವುದೋ ಅಲ್ಲಿ ಕಳ್ಳನಿದ್ದಾನೆ.

ಇಷ್ಟನ್ನೂ ಆರಂಭಿಸಿಕೊಟ್ಟ ಆ ವಾಸನೆ ಮಾತ್ರ ಪ್ರೊಪೇನಿನದಲ್ಲ. ಆ ಅನಿಲಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ಗಂಧವೂ ಇಲ್ಲ. ಮೂಗಿಗೆ ತಾಗುವುದು ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತ, ಕೊಳೆತ ಮೊಟ್ಟೆಗೂ ಹಳಸಿದ ಈರುಳ್ಳಿಗೂ ನಡುವಣ ಒಂದು ದುರ್ವಾಸನೆ. ಹತ್ತು ಸಾವಿರ ಗ್ಯಾಲನ್ ದ್ರವರೂಪದ ಅನಿಲಕ್ಕೆ ಒಂದೇ ಒಂದು ಪೌಂಡಿನಷ್ಟು ಬೆರೆಸಿದರೂ ಸಾಕೆಂಬಷ್ಟು ಅದು ಪ್ರಬಲವಾದುದು. ನಮ್ಮ ಅಡುಗೆಮನೆಯ ಸಿಲಿಂಡರು ಸೋರಿದಾಗ ‘ಗ್ಯಾಸಿನ ವಾಸನೆ’ ಎಂದು ನಾವು ಕೂಗಿಕೊಳ್ಳುವುದೂ ಇದೇ ಬಗೆಯ ಎರವಿನ ವಾಸನೆಯನ್ನು ಕುರಿತೇ. ಅದು ಅನಿಲದೊಳಕ್ಕೆ ಹೇಗೆ ಬಂದು ಸೇರಿತೆಂಬುದಕ್ಕೆ ಒಂದು ಚರಿತ್ರೆಯಿದೆ, ಮತ್ತು ಆ ಚರಿತ್ರೆ ಟ್ರೇಲರಿಗಿಂತ ಬಹಳ ಹಳೆಯದು.

ಅನಿಲವನ್ನು ಹುಡುಕುವ ಕಸುಬು ಹುಟ್ಟಿದುದು ಭೂಮಿಯ ಮೇಲಲ್ಲ, ಕಲ್ಲಿದ್ದಲ ಗಣಿಗಳ ಕತ್ತಲೆಯಲ್ಲಿ. ಸುರಂಗದ ಮೇಲ್ಛಾವಣಿಗೆ ಅಡರಿ ನಿಲ್ಲುವ ಮೀಥೇನನ್ನು ಕಳೆಯಲು ಯೂರೋಪಿನ ಗಣಿಗಳಲ್ಲಿ ಒಂದು ಕಾಲಕ್ಕೆ ಇದ್ದ ಉಪಾಯವನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ: ಒಬ್ಬ ಕೂಲಿಯು ನೀರಿನಲ್ಲಿ ನೆನೆಸಿದ ಗೋಣಿಬಟ್ಟೆಯನ್ನು ತಲೆಯಿಂದ ಕಾಲಿನವರೆಗೆ ಹೊದ್ದು, ಉದ್ದನೆಯ ಕೋಲಿನ ತುದಿಗೆ ಉರಿಯುವ ಮೇಣದ ಬತ್ತಿಯನ್ನು ಕಟ್ಟಿ, ಹೊಟ್ಟೆಯ ಮೇಲೆ ತೆವಳುತ್ತ ಹೋಗಿ, ಅನಿಲವಿದ್ದಲ್ಲಿ ಬೇಕೆಂದೇ ಕಿಡಿ ತಾಗಿಸಿ, ಜ್ವಾಲೆ ತನ್ನ ಬೆನ್ನಿನ ಮೇಲೆ ಹಾದುಹೋಗುವವರೆಗೆ ನೆಲಕ್ಕೆ ಮುಖವೊತ್ತಿ ಮಲಗಿರುತ್ತಿದ್ದನು. ಅವನ ವೇಷವನ್ನು ಕಂಡು ಫ್ರೆಂಚರು ಅವನಿಗೆ ‘ಪ್ರಾಯಶ್ಚಿತ್ತಿ’ ಎಂಬರ್ಥದ ಹೆಸರನ್ನಿಟ್ಟಿದ್ದರು. ಯಾರ ಪಾಪಕ್ಕೆ ಯಾರು ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದರೆಂಬುದನ್ನು ಗಣಿಯ ಧಣಿಗಳು ವಿಚಾರಿಸಿದಂತೆ ಕಾಣುವುದಿಲ್ಲ. 1812ರಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ ತೊಂಬತ್ತೆರಡು ಮಂದಿ ಸ್ಫೋಟಕ್ಕೆ ಬಲಿಯಾದ ಮೇಲೆ, 1815ರಲ್ಲಿ ಹಂಫ್ರಿ ಡೇವಿಯು ತಂತಿಬಲೆಯಿಂದ ಸುತ್ತುಗಟ್ಟಿದ ದೀಪವನ್ನು ರಚಿಸಿಕೊಟ್ಟನು; ಬಲೆಯೊಳಗಿನ ಜ್ವಾಲೆಯ ನೆತ್ತಿಗೆ ನೀಲಿಯ ಟೊಪ್ಪಿಗೆಯೊಂದು ಮೂಡಿದರೆ ಅಲ್ಲಿ ಅನಿಲವಿದೆಯೆಂದು ಗಣಿಗಾರನು ಅರಿಯುತ್ತಿದ್ದನು. ಜಾನ್ ಸ್ಕಾಟ್ ಹಾಲ್ಡೇನನ ಸಲಹೆಯ ಮೇರೆಗೆ ಕಾರ್ಬನ್ ಮಾನಾಕ್ಸೈಡಿನ ಸುಳಿವಿಗಾಗಿ ಗಣಿಗಿಳಿದ ಕೆನರಿ ಹಕ್ಕಿಗಳ ಕಥೆ ಎಲ್ಲರಿಗೂ ಗೊತ್ತಿದ್ದುದೇ. ಬ್ರಿಟನ್ನಿನಲ್ಲಿ ಅವಕ್ಕೆ ನಿವೃತ್ತಿ ದೊರೆತುದು 1986ರಷ್ಟು ಈಚೆಗೆ ಎಂಬುದೊಂದೇ ಅದರಲ್ಲಿ ಬೆರಗಿನ ಸಂಗತಿ.

ಭೂಮಿಯ ಮೇಲೆ, ನಗರಗಳ ಬೀದಿಗಳಿಗೂ ಮನೆಗಳಿಗೂ ಕಲ್ಲಿದ್ದಲ ಅನಿಲದ ಕೊಳವೆಗಳು ಬಂದಾಗ, ಜ್ವಾಲೆಯಿಂದ ಅನಿಲವನ್ನು ಅರಸುವ ಈ ಗಣಿಯ ಅಭ್ಯಾಸ ತಂತಿಬಲೆಯನ್ನು ಗಣಿಯಲ್ಲಿಯೇ ಬಿಟ್ಟು ತಾನೊಂದೇ ಮೇಲೇರಿ ಬಂದಿತು. ಉರಿಯುವ ಬತ್ತಿಯನ್ನು ಕೊಳವೆಯುದ್ದಕ್ಕೂ ಹಿಡಿದು ನಡೆದು, ಸೋರುವಲ್ಲಿ ಪುಟ್ಟ ನಾಲಿಗೆಯಂತೆ ಬೆಂಕಿ ಹೊತ್ತುವುದನ್ನು ಕಾಯುತ್ತಿದ್ದ ಕೊಳಾಯಿಗಾರರು ಎಷ್ಟೋ ಮಂದಿ ತಾವು ಅರಸಿದುದನ್ನು ಕಂಡುಕೊಂಡರು. ಕಂಡುದನ್ನು ಹೇಳಲು ಕೆಲವರು ಉಳಿಯಲಿಲ್ಲ. ಆದರೆ ಕಲ್ಲಿದ್ದಲ ಅನಿಲದಲ್ಲಿ ಒಂದು ಸದ್ಗುಣವಿದ್ದಿತು: ಅದು ತಯಾರಿಕೆಯ ಕಲ್ಮಷಗಳಿಂದಾಗಿ ತಾನಾಗಿಯೇ ನಾರುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಅದರ ಸ್ಥಾನಕ್ಕೆ ಬಂದ ಪೆಟ್ರೋಲಿಯಂ ಕುಲದ ಅನಿಲಗಳು ಶುದ್ಧವಾಗಿದ್ದವು, ಮತ್ತು ಆ ಶುದ್ಧತೆಯೇ ಅವುಗಳ ದೋಷ.

ಪ್ರೊಪೇನನ್ನು ಬೆಳಕಿಗೆ ತಂದುದೂ ಒಂದು ಸೋರಿಕೆಯೇ. 1910ರಲ್ಲಿ ಪಿಟ್ಸ್‌ಬರ್ಗಿನಲ್ಲಿದ್ದ ವಾಲ್ಟರ್ ಸ್ನೆಲಿಂಗ್ ಎಂಬ ಸರಕಾರಿ ರಸಾಯನಜ್ಞನ ಬಳಿಗೆ ಫೋರ್ಡ್ ಕಾರಿನ ಒಡೆಯನೊಬ್ಬನು ಬಂದು, ತಾನು ಕೊಂಡ ಗ್ಯಾಸೋಲೀನಿನಲ್ಲಿ ಅರ್ಧದಷ್ಟು ಮನೆ ಸೇರುವುದರೊಳಗೆ ಮಾಯವಾಗುತ್ತದೆಂದು ದೂರಿದನಂತೆ. ಹಾರಿಹೋಗುವ ಆವಿಯನ್ನು ಹಿಡಿದು ಬೇರ್ಪಡಿಸಿದ ಸ್ನೆಲಿಂಗನಿಗೆ ಅದರಲ್ಲಿ ಪ್ರೊಪೇನೂ ಬ್ಯೂಟೇನೂ ದೊರೆತವು. 1912ರಲ್ಲಿ ಪೆನ್ಸಿಲ್ವೇನಿಯದ ವಾಟರ್‌ಫರ್ಡ್ ಎಂಬಲ್ಲಿನ ಒಂದು ಮನೆಯಲ್ಲಿ ಈ ಹೊಸ ಅನಿಲದಿಂದ ಒಲೆಯುರಿಯಿತು. ಒತ್ತಡದಲ್ಲಿ ದ್ರವವಾಗಿ ಮಡಚಿಕೊಂಡು, ಬಿಟ್ಟೊಡನೆ ಇನ್ನೂರೆಪ್ಪತ್ತು ಪಾಲು ಹಿಗ್ಗುವ ಈ ವಸ್ತು, ಮನೆಯನ್ನೇ ಕಟ್ಟಿಕೊಂಡು ಊರೂರು ತಿರುಗುವವರಿಗೆ ಹೇಳಿ ಮಾಡಿಸಿದಂತಿತ್ತು.

ಅಂಥವರು ಆಗತಾನೆ ಹೆಚ್ಚುತ್ತಿದ್ದರು. 1919ರಲ್ಲಿ ಫ್ಲಾರಿಡದ ಟ್ಯಾಂಪದಲ್ಲಿ ಕಾರುಗಳೊಡನೆ ಬೀಡುಬಿಟ್ಟವರು ‘ತಗಡಿನ ಡಬ್ಬಿಯ ಯಾತ್ರಿಕರು’ ಎಂಬ ಅರ್ಥದ ಹೆಸರಿನಲ್ಲಿ ಒಂದು ಸಂಘವನ್ನೇ ಕಟ್ಟಿಕೊಂಡರು. ಡೆಟ್ರಾಯಿಟಿನ ಆರ್ಥರ್ ಶೆರ್ಮನ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿಯು, ಮಡಚುವ ಡೇರೆಯ ಗಾಡಿಯನ್ನು ಕೊಂಡು ಮಳೆಯಲ್ಲಿ ನೆನೆದ ಸಿಟ್ಟಿಗೆ, ಗಟ್ಟಿ ಗೋಡೆಗಳ ಟ್ರೇಲರೊಂದನ್ನು ತಾನೇ ಮಾಡಿ 1930ರಲ್ಲಿ ಮಾರಾಟಕ್ಕಿಟ್ಟನು. ಸೀಮೆಎಣ್ಣೆ, ಗ್ಯಾಸೋಲೀನುಗಳ ಒಲೆಗಳು ಕ್ರಮೇಣ ಹಿಂದೆ ಸರಿದು ಪ್ರೊಪೇನು ಒಳಬಂದಿತು. 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳಾದ ಪ್ಲಾಟೆನ್ ಮತ್ತು ಮುಂಟರ್ಸ್ ಜ್ವಾಲೆಯ ಶಾಖದಿಂದಲೇ ತಂಪನ್ನು ಉತ್ಪಾದಿಸುವ ಶೈತ್ಯಪೆಟ್ಟಿಗೆಯನ್ನು ಕಲ್ಪಿಸಿದ್ದರಷ್ಟೆ. ಅದೂ ಮುಂದೆ ಟ್ರೇಲರನ್ನು ಹೊಕ್ಕಿತು. ಬೆಂಕಿಯಿಂದ ಹಾಲನ್ನು ತಣ್ಣಗಿಡುವ ಚಮತ್ಕಾರವೇನೋ ಒಳ್ಳೆಯದೇ, ಆದರೆ ಸೋರಲು ತಕ್ಕ ಸಂಧಿಗಳ ಸಂಖ್ಯೆಗೆ ಅದೂ ತನ್ನ ಪಾಲನ್ನು ಸೇರಿಸಿತು. ಮೇಲಾಗಿ ಪ್ರೊಪೇನು ಗಾಳಿಗಿಂತ ಒಂದೂವರೆ ಪಟ್ಟು ಭಾರ. ಗಣಿಯ ಅನಿಲವು ಛಾವಣಿಗೇರುವಂತೆ ಇದು ಏರದೆ, ನೀರಿನಂತೆ ನೆಲಕ್ಕಿಳಿದು ಮಂಚದಡಿಯಲ್ಲಿಯೂ ಕಪಾಟಿನ ಮೂಲೆಯಲ್ಲಿಯೂ ಮಡುಗಟ್ಟುತ್ತದೆ, ಗಾಳಿಯಲ್ಲಿ ಶೇಕಡಾ ಎರಡರಷ್ಟಾದರೆ ಸಾಕು, ಒಂದು ಕಿಡಿಗಾಗಿ ಕಾಯುತ್ತದೆ.

ಗಂಧವಿಲ್ಲದ ಅನಿಲಕ್ಕೆ ಗಂಧವನ್ನು ಬೆರೆಸುವ ಯುಕ್ತಿ ಜರ್ಮನಿಯಲ್ಲಿ 1880ರ ದಶಕದಲ್ಲಿಯೇ ಪ್ರಯೋಗವಾಗಿದ್ದಿತು. ಅದನ್ನು ಕಡ್ಡಾಯ ಮಾಡಿಸಿದುದು ಮಾತ್ರ ಟೆಕ್ಸಾಸಿನ ಒಂದು ಶಾಲೆ. ನ್ಯೂ ಲಂಡನ್ ಎಂಬ ಆ ಊರು ಎಣ್ಣೆಬಾವಿಗಳ ನಡುವೆ ನಿಂತುದು. ಬಾವಿಗಳ ತೆರಿಗೆಯಿಂದ ಕಟ್ಟಿದ ಶಾಲೆ ಆ ದೇಶದ ಹಳ್ಳಿಶಾಲೆಗಳಲ್ಲೇ ಅತಿ ಸಿರಿವಂತವಾದವುಗಳಲ್ಲೊಂದು. ಗ್ಯಾಸೋಲೀನನ್ನು ಹಿಂಡಿ ತೆಗೆದ ಬಳಿಕ ಉಳಿಯುವ ಗಸಿಯಂಥ ಅನಿಲವನ್ನು ಎಣ್ಣೆಕ್ಷೇತ್ರದಲ್ಲಿ ವ್ಯರ್ಥವಾಗಿ ಸುಟ್ಟುಬಿಡುತ್ತಿದ್ದರು. ಸುತ್ತಲಿನ ಮನೆಗಳವರು ಅದರ ಕೊಳವೆಗೆ ಕನ್ನವಿಕ್ಕಿ ಬಳಸುವುದು ಎಲ್ಲರೂ ಬಲ್ಲ, ಯಾರೂ ತಡೆಯದ ರೂಢಿಯಾಗಿತ್ತು. 1937ರ ಮೊದಲ ತಿಂಗಳುಗಳಲ್ಲಿ ಶಾಲೆಯ ಆಡಳಿತವು, ತಿಂಗಳ ಖರ್ಚನ್ನು ಉಳಿಸುವ ಸಲುವಾಗಿ, ಹಣ ತೆತ್ತು ಪಡೆಯುತ್ತಿದ್ದ ಅನಿಲವನ್ನು ನಿಲ್ಲಿಸಿ, ಈ ಗಸಿಯ ಕೊಳವೆಗೆ ತನ್ನ ನಳಿಕೆಯನ್ನು ಜೋಡಿಸಿಕೊಂಡಿತು. ಎಲ್ಲೋ ಒಂದು ಸಂಧಿ ಸೋರಿತು. ಕಟ್ಟಡದ ಅಡಿಯ ಪೊಳ್ಳಿನಲ್ಲಿ ಅನಿಲವು ಸದ್ದಿಲ್ಲದೆ, ಸುಳಿವಿಲ್ಲದೆ ತುಂಬುತ್ತ ಬಂದಿತು; ಮಕ್ಕಳು ತಲೆನೋವೆಂದರು, ಅದಕ್ಕೆ ಯಾರೂ ಬೇರೆ ಕಾರಣವನ್ನು ಊಹಿಸಲಿಲ್ಲ, ಏಕೆಂದರೆ ಯಾರ ಮೂಗಿಗೂ ಏನೂ ಬಡಿಯಲಿಲ್ಲ. ಮಾರ್ಚ್ 18ರ ಗುರುವಾರ, ಶಾಲೆ ಬಿಡಲು ಕೆಲವೇ ನಿಮಿಷಗಳಿರುವಾಗ, ಕೈಕೆಲಸದ ಉಪಾಧ್ಯಾಯರು ಮರ ನುಣುಪುಗೊಳಿಸುವ ವಿದ್ಯುದ್ಯಂತ್ರದ ಗುಂಡಿಯನ್ನೊತ್ತಿದರು. ಕಟ್ಟಡವು ಮೇಲೆದ್ದು ಕುಸಿಯಿತೆಂದು ಕಂಡವರು ಹೇಳಿದರು. ಸತ್ತವರು ಮುನ್ನೂರರ ಸಮೀಪ, ಬಹುಪಾಲು ಮಕ್ಕಳು. ಅದೇ ವರ್ಷ ಟೆಕ್ಸಾಸ್ ಸಂಸ್ಥಾನವು ಅನಿಲಕ್ಕೆ ದುರ್ಗಂಧವನ್ನು ಬೆರೆಸತಕ್ಕದ್ದೆಂದು ಕಟ್ಟಳೆ ಮಾಡಿತು. ಉಳಿದ ಸಂಸ್ಥಾನಗಳೂ ದೇಶಗಳೂ ಹಿಂಬಾಲಿಸಿದವು. ಅನಿಲವು ಹೊತ್ತಿಕೊಳ್ಳಬಲ್ಲ ಪ್ರಮಾಣದ ಐದನೆಯ ಒಂದು ಪಾಲಿನಲ್ಲಿರುವಾಗಲೇ ಸಾಮಾನ್ಯನ ಮೂಗಿಗೆ ಗೊತ್ತಾಗಬೇಕೆಂಬ ಈಗಿನ ನಿಯಮ ಆ ಕಟ್ಟಳೆಯ ವಂಶದ್ದು.

ಮನುಷ್ಯನಿಗಾಗಿ ಮಾಡಿದ ಈ ಕಟ್ಟಳೆಯನ್ನು ಮೊದಲು ಮನ್ನಿಸಿದವುಗಳಲ್ಲಿ ಹದ್ದುಗಳೂ ಸೇರಿವೆಯೆಂಬುದು ಚೋದ್ಯ. ಕೊಳೆಯುವ ಹೆಣದಿಂದಲೂ ಮರ್ಕ್ಯಾಪ್ಟನ್ ಹೊರಡುತ್ತದಾದ್ದರಿಂದ, ಕ್ಯಾಲಿಫೋರ್ನಿಯದಲ್ಲಿ ಯೂನಿಯನ್ ಆಯಿಲ್ ಕಂಪೆನಿಯ ಎಂಜಿನಿಯರುಗಳು 1938ರಷ್ಟು ಹಿಂದೆಯೇ, ಕೆಂಪುದಲೆಯ ರಣಹದ್ದುಗಳು ಆಕಾಶದಲ್ಲಿ ಸುತ್ತು ಹಾಕುವಲ್ಲಿ ನೆಲದಡಿಯ ಕೊಳವೆ ಸೋರುತ್ತಿದೆಯೆಂದು ಗುರುತಿಸಲು ಕಲಿತಿದ್ದರು. ಹದ್ದಿಗೆ ಘ್ರಾಣಶಕ್ತಿಯಿಲ್ಲ, ಕಣ್ಣಿನಿಂದಲೇ ಅದು ಆಹಾರವನ್ನರಸುತ್ತದೆಂದು ಪಕ್ಷಿತಜ್ಞ ಆಡುಬಾನನು 1826ರಲ್ಲಿ ಹೂಡಿದ ವಾದಕ್ಕೆ, 1964ರಲ್ಲಿ ಕೆನೆತ್ ಸ್ಟೇಗರ್ ಎಂಬ ಪಕ್ಷಿವಿಜ್ಞಾನಿ ತನ್ನ ಗ್ರಂಥದಲ್ಲಿ ಉತ್ತರವನ್ನಿತ್ತಾಗ, ಕೊಳವೆಗಾರರ ಈ ಅನುಭವವೂ ಅವನ ಸಾಕ್ಷ್ಯಗಳಲ್ಲೊಂದಾಗಿತ್ತು.

ಹದ್ದಿನಷ್ಟು ನಂಬಿಕೆಗೆ ಮನುಷ್ಯನ ಮೂಗು ಅರ್ಹವಲ್ಲ. ವಾಸನೆಯ ನಡುವೆ ಸ್ವಲ್ಪ ಹೊತ್ತು ಕುಳಿತರೆ ಅದು ಮರೆತುಬಿಡುತ್ತದೆ. ಹೊಸ ಸಿಲಿಂಡರಿನ ಒಳಗೋಡೆಯ ತುಕ್ಕು ಮರ್ಕ್ಯಾಪ್ಟನನ್ನು ನುಂಗಿ ಅನಿಲವನ್ನು ಮತ್ತೆ ಮೂಕವಾಗಿಸಬಲ್ಲುದು. ಬರಿದಾಗುತ್ತ ಬಂದ ಸಿಲಿಂಡರಿನಲ್ಲಿ, ಪ್ರೊಪೇನಿಗಿಂತ ನಿಧಾನವಾಗಿ ಆವಿಯಾಗುವ ಅದೇ ಮರ್ಕ್ಯಾಪ್ಟನ್ ತಳದಲ್ಲಿ ದಟ್ಟವಾಗಿ ಉಳಿದು, ಇಲ್ಲದ ಅಪಾಯವನ್ನು ಸಾರುತ್ತದೆ. ಆದಕಾರಣವೇ ಅನುಭವಿಗಳು ಮೂಗಿನ ದೂರನ್ನು ಸ್ವೀಕರಿಸಿ, ತೀರ್ಪನ್ನು ನೀರಿಗೆ ಬಿಡುತ್ತಾರೆ: ಗುಳ್ಳೆಯೇಳುವ ಸಾಬೂನಿನ ನೀರಿಗೆ, ಇಲ್ಲವೆ ಕುದುರೆಲಾಳದಂತೆ ಬಾಗಿದ ಗಾಜಿನ ಕೊಳವೆಯ ನೀರಿಗೆ. ಟ್ರೇಲರಿನೊಳಗಿನ ಅನಿಲದ ಒತ್ತಡವೆಂಬುದು ಹನ್ನೊಂದು ಅಂಗುಲ ನೀರನ್ನು ಎತ್ತಿ ಹಿಡಿಯುವಷ್ಟು ಮಾತ್ರ; ಸಿಲಿಂಡರನ್ನು ಮುಚ್ಚಿ, ಗಡಿಯಾರವನ್ನು ಮುಂದಿಟ್ಟುಕೊಂಡು, ಆ ನೀರಿನ ಗೆರೆ ಕದಲುವುದೋ ಇಲ್ಲವೋ ಎಂದು ಮೂರು ನಿಮಿಷ ನೋಡುತ್ತ ಕೂರುತ್ತಾರೆ.

ಎಷ್ಟೋ ವೇಳೆ ಗೆರೆ ಕದಲುವುದಿಲ್ಲ, ವಾಸನೆಯೂ ಹೋಗುವುದಿಲ್ಲ. ಆಗ ಬಲ್ಲವನು ಅಡುಗೆಮನೆಯ ಬಿಸಿನೀರಿನ ನಲ್ಲಿಯನ್ನು ತಿರುಗಿಸಿ, ಬೊಗಸೆಯಲ್ಲಿ ಹಿಡಿದು, ಮೂಸಿ, ನಕ್ಕುಬಿಡುತ್ತಾನೆ. ತುಕ್ಕು ತಡೆಯಲೆಂದು ಹಂಡೆಯೊಳಗೆ ಇಳಿಬಿಟ್ಟ ಮೆಗ್ನೀಸಿಯಂ ಸರಳೂ, ನಿಂತ ನೀರಿನಲ್ಲಿ ನೆಲೆಸಿದ ಗಂಧಕಪ್ರಿಯ ಸೂಕ್ಷ್ಮಜೀವಿಗಳೂ ಕೂಡಿ, ಕೊಳೆತ ಮೊಟ್ಟೆಯ ವಾಸನೆಯನ್ನು ಅಡುತ್ತ ಕುಳಿತಿರುತ್ತವೆ. ಹಂಡೆಯನ್ನು ಬರಿದುಮಾಡಿ ತೊಳೆದು, ಸರಳನ್ನು ಬದಲಿಸಿದರೆ ಮುಗಿಯಿತು. ಆದರೂ ಅವನು ಹೊರಡುವ ಮುನ್ನ, ಬಟ್ಟಲಿನಲ್ಲಿ ಉಳಿದ ನೊರೆಯನ್ನು ಚೆಲ್ಲುವ ಬದಲು, ಕುಂಚವನ್ನು ಹಿಡಿದು ಸಂಧಿಗಳನ್ನೆಲ್ಲ ಇನ್ನೊಂದು ಸುತ್ತು ಬಳಿದುಕೊಂಡೇ ಬರುತ್ತಾನೆ.