ಸೊಕ್ಕಲ್ಲ ಅತ್ತೆ, ಕಾರಣ ಬೇರೆ

ಮೊನ್ನೆ ರಾತ್ರಿ ಅಡಿಕೆ ಸುಲಿಯೋಕೆ ಕೂತಾಗ ಅತ್ತೆ ಹೇಳಿದ್ರು, "ಆಗೆಲ್ಲ ಕೆಲಸ ಹುಡುಕ್ಕೊಂಡು ಜನ ಬರ್ತಿದ್ರು ಮಾರಾಯ್ತಿ. ಈಗಿನವ್ರಿಗೆ ಸೊಕ್ಕು, ಕರೆದ್ರೂ ಬರಲ್ಲ." ನಾನೂ ಹೂಂಗುಟ್ಟಿದೆ. ಆಮೇಲೆ ಯೋಚ್ನೆ ಮಾಡಿದ್ರೆ ಸೊಕ್ಕಲ್ಲ ಅನ್ನಿಸ್ತು.

ಹಿಂದೆ ಕೊಪ್ಪ, ಶೃಂಗೇರಿ ಕಡೆ ತೋಟದ ಕೆಲಸಕ್ಕೆ ಘಟ್ಟದ ಕೆಳಗಿನವರು ಬಹಳ ಜನ ಬರ್ತಿದ್ರು. ಅಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಘಟ್ಟ ಹತ್ತೋದು, ಮಳೆಗಾಲಕ್ಕೆ ಮೊದ್ಲು ಗದ್ದೆ ಹೂಡೋಕೆ ಇಳಿದು ಹೋಗೋದು. ನಮ್ಮ ಅಡಿಕೆ, ಕಾಫಿ ಕೊಯ್ಲೂ ಅದೇ ತಿಂಗಳುಗಳಲ್ಲಿ ಬರೋದ್ರಿಂದ ಎರಡೂ ಕಡೆಗೆ ಹೊಂದ್ತಿತ್ತು. ಆಗ ಮಲೆನಾಡು ಅಂದ್ರೆ ಮಲೇರಿಯಾ ಜ್ವರದ ಸೀಮೆ. ದೇಶಾದ್ಯಂತ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದೇ 1953ರಲ್ಲಿ. ಅಂಥಾ ಊರಿಗೆ ಯಾರು ಖುಷಿಗೆ ಬರ್ತಾರೆ? ಗೇಣಿ ಅಳೆದು ಕೊಟ್ಟ ಮೇಲೆ ಮನೇಲಿ ವರ್ಷಕ್ಕಾಗೋಷ್ಟು ಅಕ್ಕಿ ಉಳೀತಿರ್ಲಿಲ್ಲ, ಅದಕ್ಕೆ ಬಂದ್ರು.

1974ರ ಭೂಸುಧಾರಣೆ ಕಾನೂನಿಂದ ಗೇಣಿ ಗದ್ದೆ ಉಳುವವರದ್ದೇ ಆಯ್ತು. ಹೆಂಗಸರಿಗೆ ಜಗಲೀಲೇ ಬೀಡಿ ಕಟ್ಟೋ ಕೆಲಸ ಇತ್ತು. ಗಂಡುಮಕ್ಕಳು ಬೊಂಬಾಯಿ ಹೋಟ್ಲುಗಳಿಗೆ ಹೋದ್ರು, ಸಣ್ಣವರು ಶಾಲೆ ಕಲಿತ್ರು. ಮತ್ತೆ ಎಂತಕ್ಕೆ ಘಟ್ಟ ಹತ್ತಬೇಕು?

ನಮ್ಮ ಹತ್ರದ್ದೇ ಕುದುರೆಮುಖ ನೋಡಿ. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಶುರುವಾಯ್ತು, ಕಾಡಿನ ನಡುವೆ ಒಂದು ಪೇಟೆನೇ ಎದ್ದಿತು. ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಜನ ಮನೆ ಖಾಲಿ ಮಾಡಿ ಹೊರಟ್ರು. ಅದಕ್ಕೂ ಮೊದ್ಲು ಎನ್.ಆರ್.ಪುರದ ಕಡೆ ಭದ್ರಾ ಹಿನ್ನೀರಲ್ಲಿ ಊರುಗಳೇ ಮುಳುಗಿದ್ವು, ಗದ್ದೆ ಮಾಡ್ತಿದ್ದೋರು ಬೇರೆ ನೆಲ, ಬೇರೆ ಕೆಲಸ ಹುಡುಕಬೇಕಾಯ್ತು. ಅದೇ ತಾಲ್ಲೂಕಿಗೆ ಕೇರಳದಿಂದ ಬಂದವರು ರಬ್ಬರ್ ಹಾಕಿ ನೆಲೆ ನಿಂತ್ರು. ಒಬ್ರು ಬಿಟ್ಟು ಹೋದ ಸೀಮೆಗೆ ಇನ್ನೊಬ್ರು ಬದುಕು ಹುಡುಕ್ಕೊಂಡು ಬಂದ್ರು.

ನಮ್ಮನೇದೇ ಹೇಳ್ತೀನಿ. ಹಳದಿ ಎಲೆ ರೋಗ ಬಂದು ತವರಿನ ತೋಟದಲ್ಲಿ ಫಸಲು ಇಳೀತು. ತಮ್ಮ ಬೆಂಗಳೂರಿಗೆ ಹೋದ. ಮೊದ್ಲು ಅಂಗಡೀಲಿ ಲೆಕ್ಕ ಬರೆದ, ಆಮೇಲೆ ಕ್ಯಾಂಟೀನಲ್ಲಿದ್ದ, ಈಗ ಕಾರು ಓಡಿಸ್ತಾನೆ. ಅವನಿಗೆ ಸೊಕ್ಕು ಅಂತ ಯಾರೂ ಅನ್ನಲ್ಲ. "ಪಾಪ, ಎಂತ ಮಾಡ್ತಾನೆ" ಅಂತೀವಿ. ಈಗ ಅಸ್ಸಾಂನಿಂದ ನಮ್ಮ ತೋಟಗಳಿಗೆ ಬರೋರ ಅಕ್ಕಂದಿರೂ ಅಲ್ಲಿ ಹಾಗೇ ಅಂತಿರ್ಬೇಕು.

ಇದನ್ನೆಲ್ಲ ಅತ್ತೆ ಹತ್ರ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಸುಲಿದ್ರು. ಆಮೇಲೆ ಅಂದ್ರು, "ನಾ ಸಣ್ಣವಳಿದ್ದಾಗ ಕೆಳಗಿನ ಹೆಂಗಸು ಒಬ್ಳು ಮಗು ಕಟ್ಕೊಂಡು ಬರ್ತಿದ್ಲು. ಆ ಮಗು ಇಲ್ಲೇ ಜ್ವರ ಬಂದು ಹೋಯ್ತು. ಮಾರನೇ ವರ್ಷ ಅವಳು ಬರ್ಲಿಲ್ಲ. ನಮ್ಮನೇಲಿ ಆಗ್ಲೂ ಸೊಕ್ಕು ಅಂತಾನೇ ಅಂದಿದ್ರು."

ಇನ್ನು ಆ ಮಾತು ನಮ್ಮ ಜಗಲೀಲಿ ಬೇಡ ಅಂತ ಇಬ್ರೂ ಮಾತಾಡ್ಕೊಂಡಿದ್ದೀವಿ. ನಿಮ್ಮನೇಲಿ ಹಿರಿಯರಿದ್ರೆ, ಯಾರು ಬರ್ತಿದ್ರು, ಎಂತಕ್ಕೆ ಬಿಟ್ರು ಅಂತ ಒಂದ್ಸಲ ಕೇಳಿ.